ಊರಿಗೆ ನೆರವಾದ ಗಾಳಿ

ಮಕ್ಕಳೇ, ನೀವು ಉಡುಮಲೈಪೇಟೆಯ ಕಡೆಗೆ ಬಸ್ಸಿನಲ್ಲಿ ಹೋಗಿದ್ದೀರಾ? ಅಲ್ಲಿನ ಹೊಲಗಳಲ್ಲಿ ಎತ್ತರವಾದ ಕಂಬಗಳು ನಿಂತಿವೆ. ಒಂದೊಂದು ಕಂಬದ ತುದಿಯಲ್ಲೂ ಮೂರು ಉದ್ದನೆಯ ರೆಕ್ಕೆಗಳಿವೆ. ಇವೇ ಗಾಳಿಯಂತ್ರಗಳು. ಇಂತಹ ಯಂತ್ರಗಳನ್ನು ಹೆಚ್ಚಾಗಿ ನೂಲಿನ ಗಿರಣಿಗಳು, ಕಾರ್ಖಾನೆಗಳು ಹಾಕಿಸುತ್ತವೆ. ಆದರೆ ಒಂದು ಹಳ್ಳಿಯೂ ಇಲ್ಲಿ ತನ್ನದೇ ಗಾಳಿಯಂತ್ರವನ್ನು ಹಾಕಿಸಿತು. ಆ ಹಳ್ಳಿಯೇ ಓಡಂತುರೈ.

ಓಡಂತುರೈ ಕೊಯಮತ್ತೂರು ಜಿಲ್ಲೆಯ ಮೇಟ್ಟುಪಾಳಯಂ ಬಳಿ, ನೀಲಗಿರಿ ಬೆಟ್ಟದ ಬುಡದಲ್ಲಿದೆ. ಅಲ್ಲಿ ಭವಾನಿ ನದಿಯ ನೀರನ್ನು ಮನೆಮನೆಗೆ ತಲುಪಿಸಲು ಪಂಪು ಬೇಕು. ಪಂಪಿಗೆ ವಿದ್ಯುತ್ತು ಬೇಕು. ಬೀದಿದೀಪಗಳಿಗೂ ವಿದ್ಯುತ್ತು ಬೇಕು. ಪಂಚಾಯಿತಿಯ ಕರೆಂಟ್ ಬಿಲ್ಲು ಏರುತ್ತಲೇ ಹೋಯಿತು. ಇದ್ದ ಹಣವೆಲ್ಲ ಬಿಲ್ಲಿಗೇ ಹೋದರೆ ಊರಿನ ಬೇರೆ ಕೆಲಸಗಳು ನಡೆಯುವುದು ಹೇಗೆ?

ಆಗ ಪಂಚಾಯಿತಿಯ ಅಧ್ಯಕ್ಷರಾಗಿದ್ದವರು ಶ್ರೀ ಆರ್. ಷಣ್ಮುಗಂ. ಮೊದಲು ಮರದ ಚೂರುಗಳಿಂದ ಅನಿಲ ತಯಾರಿಸಿ ಪಂಪು ನಡೆಸಿದರು. ಬಿಸಿಲಿನಿಂದ ಉರಿಯುವ ಬೀದಿದೀಪಗಳನ್ನು ಹಾಕಿಸಿದರು. ಆದರೂ ಊರಿನ ಅಗತ್ಯಕ್ಕೆ ಅದು ಸಾಲಲಿಲ್ಲ. ಆಗ ಗಾಳಿಯ ಯೋಚನೆ ಬಂತು.

ಗಾಳಿ ಎಲ್ಲ ಕಡೆಯೂ ಒಂದೇ ರೀತಿ ಬೀಸುವುದಿಲ್ಲ. ಪಶ್ಚಿಮ ಘಟ್ಟದ ಸಾಲು ಪಾಲಕ್ಕಾಡಿನ ಬಳಿ ತೆರೆದುಕೊಂಡಿದೆ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಈ ಕಣಿವೆಯ ಮೂಲಕ ಜೋರಾಗಿ ನುಗ್ಗಿ ಉಡುಮಲೈಪೇಟೆಯ ಬಯಲಿಗೆ ಬರುತ್ತದೆ. ಆದ್ದರಿಂದ ಓಡಂತುರೈ ಪಂಚಾಯಿತಿಯು 2006ರಲ್ಲಿ ಉಡುಮಲೈಪೇಟೆಯ ಹತ್ತಿರದ ಮೈವಾಡಿಯಲ್ಲಿ 350 ಕಿಲೋವ್ಯಾಟ್ ಶಕ್ತಿಯ ಗಾಳಿಯಂತ್ರವನ್ನು ನಿಲ್ಲಿಸಿತು. ಅದಕ್ಕೆ ಆದ ಖರ್ಚು 1.55 ಕೋಟಿ ರೂಪಾಯಿ. 40 ಲಕ್ಷ ರೂಪಾಯಿ ಪಂಚಾಯಿತಿಯ ಉಳಿತಾಯ. ಉಳಿದದ್ದು ಬ್ಯಾಂಕಿನ ಸಾಲ. ಒಂದು ಹಳ್ಳಿಗೆ ಇದು ಸಣ್ಣ ಹೊರೆಯಲ್ಲ. ಮೈವಾಡಿ 2009ರಿಂದ ತಿರುಪ್ಪೂರು ಜಿಲ್ಲೆಯಲ್ಲಿದೆ.

ಯಂತ್ರ ಒಂದು ಕಡೆ, ಊರು ಇನ್ನೊಂದು ಕಡೆ. ಹಾಗಾದರೆ ವಿದ್ಯುತ್ತು ಊರಿಗೆ ಸಿಗುವುದು ಹೇಗೆ? ಒಂದು ದೊಡ್ಡ ನೀರಿನ ತೊಟ್ಟಿಯನ್ನು ನೆನೆಯಿರಿ. ನೀವು ಒಂದು ಬದಿಯಲ್ಲಿ ಹತ್ತು ಕೊಡ ನೀರು ಸುರಿಯುತ್ತೀರಿ. ನಿಮ್ಮ ಅಮ್ಮ ಇನ್ನೊಂದು ಬದಿಯಲ್ಲಿ ಹತ್ತು ಕೊಡ ತುಂಬಿಕೊಳ್ಳುತ್ತಾರೆ. ನೀರು ಅದೇ ಅಲ್ಲ, ಆದರೆ ಲೆಕ್ಕ ಸರಿ. ರಾಜ್ಯದ ವಿದ್ಯುತ್ ತಂತಿಗಳ ಜಾಲವೂ ಇಂತಹ ತೊಟ್ಟಿಯೇ. ಸುರಿದದ್ದನ್ನೂ ತೆಗೆದದ್ದನ್ನೂ ಮೀಟರುಗಳು ಅಳೆಯುತ್ತವೆ. ಗಾಳಿ ನಿಂತ ದಿನ ಬೇರೆ ವಿದ್ಯುತ್ ಕೇಂದ್ರಗಳು ತೊಟ್ಟಿಯನ್ನು ತುಂಬುತ್ತವೆ.

ಈ ಯಂತ್ರದಿಂದ ವರ್ಷಕ್ಕೆ ಸುಮಾರು 6.75 ಲಕ್ಷ ಯೂನಿಟ್ ವಿದ್ಯುತ್ತು ಬಂದಿತು. ಊರಿಗೆ ಬೇಕಾದದ್ದು ಸುಮಾರು 4.5 ಲಕ್ಷ ಯೂನಿಟ್. ಮಿಕ್ಕದ್ದನ್ನು ವಿದ್ಯುತ್ ಮಂಡಳಿಗೆ ಮಾರಿ ಬಂದ ಹಣದಿಂದ ಪಂಚಾಯಿತಿ ಸಾಲ ತೀರಿಸಿತು.

ಇಂದು ದೇಶವಿದೇಶಗಳ ಅನೇಕ ವಿಶ್ವವಿದ್ಯಾಲಯಗಳೂ ಹೀಗೆಯೇ ದೂರದ ಗಾಳಿಯ, ಬಿಸಿಲಿನ ವಿದ್ಯುತ್ತನ್ನು ಕೊಂಡು ತರಗತಿಗಳಲ್ಲಿ ದೀಪ ಹಚ್ಚುತ್ತವೆ. ಕಲ್ಲಿದ್ದಲು ಉರಿಸಿದರೆ ಹೊಗೆ ಬರುತ್ತದೆ, ಒಂದು ದಿನ ಅದು ಮುಗಿಯುತ್ತದೆ. ಗಾಳಿಯಾದರೋ ಪ್ರತಿ ಮುಂಗಾರಿಗೂ ಮತ್ತೆ ಬರುತ್ತದೆ.

ಯೋಚಿಸಿ ಉತ್ತರಿಸಿರಿ:
1. ಓಡಂತುರೈಯವರು ಗಾಳಿಯಂತ್ರವನ್ನು ತಮ್ಮ ಊರಿನಲ್ಲೇ ಏಕೆ ನಿಲ್ಲಿಸಲಿಲ್ಲ?
2. ಗಾಳಿ ಬೀಸದ ದಿನ ಊರಿನ ಪಂಪು ಹೇಗೆ ನಡೆಯುತ್ತದೆ?
3. ನಿಮ್ಮ ಶಾಲೆಯಲ್ಲಿ ಒಂದು ತಿಂಗಳಿಗೆ ಎಷ್ಟು ಯೂನಿಟ್ ವಿದ್ಯುತ್ತು ಖರ್ಚಾಗುತ್ತದೆ? ಬಿಲ್ಲು ನೋಡಿ ಬರೆಯಿರಿ.