ಓಲೆಗರಿಯ ಛಾಯಾಚಿತ್ರ ಮತ್ತು ಬಿಟ್ ಪ್ರಮಾಣ: ಪಾಠನಿರ್ಣಯದ ದೃಷ್ಟಿಯಿಂದ

ಹೊರನಾಡಿನಲ್ಲಿದ್ದುಕೊಂಡು ಹಳೆಯ ಕನ್ನಡ ಕೃತಿಗಳ ಪಾಠವನ್ನು ಪರಿಶೀಲಿಸುವವರಿಗೆ ಮೂಲ ಓಲೆಗರಿಯ ದರ್ಶನ ಲಭಿಸುವುದು ವಿರಳ. ಚೆನ್ನೈಯವರಿಗೆ ಅಲ್ಲಿನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದ ಕನ್ನಡ ಕಟ್ಟುಗಳು ಹತ್ತಿರದಲ್ಲಿವೆ. ಮುಂಬಯಿ, ದೆಹಲಿಗಳಲ್ಲಿರುವವರು ಬಹುಮಟ್ಟಿಗೆ ಡಿಜಿಟಲ್ ಛಾಯಾಚಿತ್ರವನ್ನೇ ನೆಚ್ಚಬೇಕು. ಹೀಗೆ ನೆಚ್ಚುವಾಗ ಆ ಛಾಯಾಚಿತ್ರವೂ ಒಂದು ಪ್ರತಿಯೇ, ಅದರಲ್ಲಿಯೂ ಸ್ಖಾಲಿತ್ಯಗಳು ನುಸುಳಬಲ್ಲವು ಎಂಬ ಎಚ್ಚರ ನಮ್ಮಲ್ಲಿ ಸಾಲದು. ಅಂತಹ ಸ್ಖಾಲಿತ್ಯಗಳ ಮೂಲಗಳಲ್ಲಿ ಒಂದು ಛಾಯಾಚಿತ್ರದ ಬಿಟ್ ಡೆಪ್ತ್. ಇದನ್ನು ಇಲ್ಲಿ 'ಬಿಟ್ ಪ್ರಮಾಣ' ಎಂದು ಕರೆದಿದ್ದೇನೆ.

ವಿಷಯ ನನ್ನ ಗಮನಕ್ಕೆ ಬಂದದ್ದು ನನ್ನದೇ ತಪ್ಪಿನಿಂದ. ಒಂದು ಷಟ್ಪದಿ ಕಾವ್ಯದ ಓಲೆಗರಿಗಳ ಚಿತ್ರಗಳನ್ನು ಒಂದು ಸಂಗ್ರಹಾಲಯದಿಂದ ತರಿಸಿಕೊಂಡಿದ್ದೆ. ಅದರ ಒಂದು ಪದ್ಯದಲ್ಲಿ ಪಾದಾರಂಭದ ಪದವನ್ನು 'ದನ' ಎಂದು ಓದಿದೆ. ಸಂದರ್ಭಕ್ಕೆ 'ಧನ' ಎಂಬ ಪಾಠವೂ ಹೊಂದುತ್ತಿತ್ತು. ಛಂದಸ್ಸು ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ಎರಡಕ್ಕೂ ಮಾತ್ರೆ ಒಂದೇ. ಪ್ರಾಸವು ಎರಡನೆಯ ಅಕ್ಷರವಾದ ನಕಾರದ ಮೇಲೆ ನಿಲ್ಲುವುದರಿಂದ ಅದೂ ನಿರ್ಣಾಯಕವಲ್ಲ. ಉಳಿದದ್ದು ಕಣ್ಣಿನ ಸಾಕ್ಷ್ಯ ಮಾತ್ರ. ಚಿತ್ರದಲ್ಲಿ ದಕಾರದ ಕೆಳಗೆ ಮಹಾಪ್ರಾಣದ ಸೀಳುಗೆರೆ ಕಾಣಲಿಲ್ಲ. ಹಾಗಾಗಿ 'ದನ' ಎಂದು ನಿರ್ಧರಿಸಿ, ಅದನ್ನಾಧರಿಸಿ ತುರುಗೋಳಿನ ಬಗೆಗೆ ಎರಡು ಪುಟಗಳಷ್ಟು ಬರೆದೆ. ಅದು ಅಚ್ಚೂ ಆಯಿತು. ಕೆಲವು ಕಾಲದ ಮೇಲೆ ಅದೇ ಗರಿಯ ರಾ ಕಡತ, ಎಂದರೆ ಕ್ಯಾಮೆರಾದ ಸಂವೇದಕ ದಾಖಲಿಸಿದ ಸಂಸ್ಕಾರವಾಗದ ಕಡತ, ದೊರೆಯಿತು. ಅದನ್ನು 16 ಬಿಟ್‌ಗಳಲ್ಲಿ ತೆರೆದು ಗರಿಯ ಕಪ್ಪುಭಾಗವನ್ನು ಬೆಳಗಿಸಿದಾಗ ಸೀಳುಗೆರೆ ಸ್ಪಷ್ಟವಾಗಿ ಕಂಡಿತು. ನನ್ನ ದನಗಳೆಲ್ಲ ಧನವಾದವು.

ಗೆರೆ ಮೊದಲ ಚಿತ್ರದಲ್ಲಿ ಎಲ್ಲಿ ಹೋಗಿತ್ತು? ಓಲೆಗರಿಯ ಬರಹ ಕಂಠದಿಂದ ಕೊರೆದದ್ದು. ಕೊರೆದ ಗೀರಿಗೆ ಮಸಿ ತುಂಬಿದರೆ ಅಕ್ಷರ ಎದ್ದು ಕಾಣುತ್ತದೆ. ಕಾಲಕ್ರಮದಲ್ಲಿ ಮಸಿ ಉದುರಿ, ಗರಿಯೂ ಕಂದಿ ಕಪ್ಪಾದಾಗ, ಗೀರಿಗೂ ಗರಿಯ ಮೈಗೂ ಇರುವ ಛಾಯಾಭೇದ ಅತ್ಯಲ್ಪ. ಆ ಅತ್ಯಲ್ಪ ಭೇದವನ್ನು ಉಳಿಸಿಕೊಳ್ಳುವುದಕ್ಕೆ ಕಡತದಲ್ಲಿ ಸಾಕಷ್ಟು ಮೆಟ್ಟಿಲುಗಳಿರಬೇಕು. 8 ಬಿಟ್ಟಿನ ಚಿತ್ರದಲ್ಲಿ ಕೆಂಪು, ಹಸಿರು, ನೀಲಿ ಒಂದೊಂದು ಚಾನೆಲ್ಲಿಗೂ 256 ಮೆಟ್ಟಿಲುಗಳು. 12 ಬಿಟ್ಟಿಗೆ 4096, 14 ಬಿಟ್ಟಿಗೆ 16,384, 16 ಬಿಟ್ಟಿಗೆ 65,536. ಮೂರು ಚಾನೆಲ್ಲುಗಳನ್ನು ಗುಣಿಸಿದರೆ 8 ಬಿಟ್ಟಿನಲ್ಲಿಯೂ 1,67,77,216 ಬಣ್ಣಗಳಾಗುವುದರಿಂದ ಇಷ್ಟು ಸಾಲದೇ ಎಂದು ಕೇಳುವವರುಂಟು. ಮದುವೆಯ ಚಿತ್ರಕ್ಕೆ ಸಾಕು. ಆದರೆ ಕಪ್ಪಾದ ಗರಿ ಈ ಸಂಪತ್ತಿನ ಒಂದು ಮೂಲೆಯನ್ನಷ್ಟೇ ಬಳಸುತ್ತದೆ.

ಒಂದು ಲೆಕ್ಕವನ್ನು ನೋಡೋಣ. ಗರಿಯ ಮೈ, ಗೀರು ಎಲ್ಲವೂ ಸೇರಿ 8 ಬಿಟ್ಟಿನ ಚಿತ್ರದಲ್ಲಿ 40ರಿಂದ 64ರವರೆಗಿನ ಮೌಲ್ಯಗಳಲ್ಲಿ ಅಡಗಿವೆಯೆಂದು ಭಾವಿಸಿದರೆ ಅಲ್ಲಿರುವುದು 25 ಮೆಟ್ಟಿಲು ಮಾತ್ರ. ಓದುವ ಅನುಕೂಲಕ್ಕಾಗಿ ಇವನ್ನು 0ಯಿಂದ 255ರವರೆಗೆ ಹಿಗ್ಗಿಸಿದರೆ ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ಹತ್ತಕ್ಕಿಂತ ಹೆಚ್ಚಿನ ಅಂತರ ಬೀಳುತ್ತದೆ. ಹಿಸ್ಟೋಗ್ರಾಮನ್ನು ತೆರೆದರೆ ಬಾಚಣಿಗೆಯ ಹಲ್ಲುಗಳಂತೆ ಕಾಣುವುದು ಇದೇ. ನಯವಾದ ಛಾಯೆ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ, ಅರ್ಧ ಮೆಟ್ಟಿಲಿನಷ್ಟು ಭೇದವಿದ್ದ ಗೀರು ಅಕ್ಕಪಕ್ಕದ ಮೈಯೊಡನೆ ಒಂದೇ ಮೌಲ್ಯಕ್ಕೆ ಸೇರಿ ಅಳಿದುಹೋಗುತ್ತದೆ. ಸಾಮಾನ್ಯ ಎಸ್‌ಆರ್‌ಜಿಬಿ ವಕ್ರರೇಖೆಯನ್ನು ಹಿಡಿದು ಲೆಕ್ಕ ಹಾಕಿದರೆ, ಇದೇ ವ್ಯಾಪ್ತಿಗೆ 14 ಬಿಟ್ಟಿನ ರಾ ಕಡತದಲ್ಲಿ ಸುಮಾರು 490 ಮೆಟ್ಟಿಲುಗಳಿರುತ್ತವೆ. ಅವೆಲ್ಲವೂ ಅರ್ಥಪೂರ್ಣವೆಂದು ಹೇಳಲಾಗದು. ಕೆಳಗಿನ ಕೆಲವು ಬಿಟ್‌ಗಳಲ್ಲಿ ಸಂವೇದಕದ ಗದ್ದಲವೇ ತುಂಬಿರುತ್ತದೆ. ಆದರೂ 25ಕ್ಕೂ ಅದಕ್ಕೂ ಹೋಲಿಕೆಯಿಲ್ಲ.

ರಾ ಕಡತದ ಮೆಟ್ಟಿಲುಗಳು ಬೆಳಕಿಗೆ ನೇರ ಅನುಪಾತದಲ್ಲಿರುತ್ತವೆಂಬುದನ್ನೂ ಇಲ್ಲಿ ಹೇಳಬೇಕು. 16,384ರಲ್ಲಿ ಅರ್ಧ, ಎಂದರೆ 8192, ಅತ್ಯಂತ ಬೆಳಕಿನ ಒಂದು ಸ್ಟಾಪಿಗೇ ಮೀಸಲು. ಅದರ ಕೆಳಗಿನದಕ್ಕೆ 4096, ಅನಂತರ 2048, ಹೀಗೆ ಇಳಿಯುತ್ತ ಹೋಗುತ್ತದೆ. ಆದುದರಿಂದ ಗರಿಯನ್ನು ಕತ್ತಲಾಗಿ ತೆಗೆದು ಆಮೇಲೆ ಬೆಳಗಿಸುವುದಕ್ಕಿಂತ, ಬಿಳುಪು ಕಟ್ಟಿಹೋಗದ ಮಟ್ಟಿಗೆ ಹೆಚ್ಚು ಬೆಳಕು ಕೊಟ್ಟು ತೆಗೆಯುವುದು ಮೇಲು. ಬೆಳಕನ್ನು ಪಕ್ಕದಿಂದ ಓರೆಯಾಗಿ ಬೀಳಿಸಿದರೆ ಮಸಿಯಿಲ್ಲದ ಗೀರು ತನ್ನ ನೆರಳಿನಿಂದಲೇ ಕಾಣಿಸಿಕೊಳ್ಳುತ್ತದೆ. ಚಿತ್ರ ತೆಗೆಯುವಾಗಲೇ ಸಿಗದ ಗೆರೆಯನ್ನು ಯಾವ ಬಿಟ್ ಪ್ರಮಾಣವೂ ತಂದುಕೊಡಲಾರದು.

ಇನ್ನು ಪರಿವರ್ತನೆಯ ವಿಚಾರ. ಜೆಪೆಗ್ ಆಗಿ ಬಂದ 8 ಬಿಟ್ಟಿನ ಚಿತ್ರವನ್ನು 16ಕ್ಕೆ ಏರಿಸಿದರೆ ಕಳೆದುಹೋದದ್ದು ಮರಳುತ್ತದೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿದೆ. ಅಲ್ಲಿ ನಡೆಯುವುದು ಪ್ರತಿಯೊಂದು ಮೌಲ್ಯವನ್ನು 257ರಿಂದ ಗುಣಿಸಿ ವಿಸ್ತರಿಸುವ ಕೆಲಸವಷ್ಟೇ. ಲುಪ್ತಪಾಠಗಳಿರುವ ಪ್ರತಿಯನ್ನು ಹೊಸ ಕಾಗದದ ಮೇಲೆ ದುಂಡಾಗಿ ನಕಲು ಮಾಡಿದಂತೆ. ಆದರೂ ಏರಿಸುವುದು ನಿರರ್ಥಕವಲ್ಲ. ಒಂದೇ ಚಿತ್ರಕ್ಕೆ ನಾಲ್ಕಾರು ತಿದ್ದುಪಡಿಗಳನ್ನು ಮಾಡುವುದಿದ್ದರೆ ಪ್ರತಿ ಹಂತದಲ್ಲಿಯೂ ಮೌಲ್ಯಗಳು ಪೂರ್ಣಾಂಕಕ್ಕೆ ಸರಿಸಲ್ಪಡುತ್ತವೆ. 8 ಬಿಟ್ಟಿನಲ್ಲಿ ಈ ದೋಷ ಬೇಗ ಗುಡ್ಡೆಯಾಗುತ್ತದೆ, 16ರಲ್ಲಿ ಅದು ಗಣನೆಗೆ ಬಾರದಷ್ಟು ಸಣ್ಣದು.

ರಾ ಕಡತ ಕೈಯಲ್ಲಿದ್ದರೆ ಅದನ್ನು ತೆರೆಯುವ ಹಂತದಲ್ಲಿಯೇ 16 ಬಿಟ್ ಎಂದು ಆಯ್ದುಕೊಳ್ಳಬೇಕು. 8 ಬಿಟ್ಟಿನಲ್ಲಿ ತೆರೆದು ಆಮೇಲೆ ಏರಿಸಿದರೆ ಮೇಲೆ ಹೇಳಿದ ಗತಿಯೇ. ಛಾಯಾವಿಸ್ತಾರ, ವರ್ಣಸಮತೋಲ, ಬೂದುಬಣ್ಣಕ್ಕೆ ಪರಿವರ್ತನೆ ಎಲ್ಲವನ್ನೂ 16ರಲ್ಲಿಯೇ ಮುಗಿಸಿ, ಮೂಲ ರಾ ಕಡತವನ್ನು ಮುಟ್ಟದೆ, ತಿದ್ದಿದ ಪ್ರತಿಯನ್ನು ಟಿಫ್ ಆಗಿ ಉಳಿಸಿ, ಓದುವುದಕ್ಕೂ ಮುದ್ರಣಕ್ಕೂ ಕೊನೆಯಲ್ಲಿ 8 ಬಿಟ್ಟಿನ ನಕಲನ್ನು ಇಳಿಸಿಕೊಳ್ಳುವುದು ಸರಿಯಾದ ಕ್ರಮ. ಬಹುಕಾಲದಿಂದ ಫೋಟೋಶಾಪ್ ಈ ಕೆಲಸಕ್ಕೆ ಒದಗುತ್ತಿದೆ. ಉಚಿತವಾಗಿ ದೊರೆಯುವ ಗಿಂಪ್‌ನಲ್ಲಿಯೂ 2018ರ 2.10 ಆವೃತ್ತಿಯಿಂದ 16 ಮತ್ತು 32 ಬಿಟ್ಟಿನ ಸೌಲಭ್ಯವಿದೆ. ನಮ್ಮ ಕೆಲಸಕ್ಕೆ 32 ಸಾಮಾನ್ಯವಾಗಿ ಅನಗತ್ಯ. 6000ಕ್ಕೆ 4000 ಪಿಕ್ಸೆಲ್‌ಗಳ ಒಂದು ಚಿತ್ರ ಸಂಕೋಚನವಿಲ್ಲದೆ 8 ಬಿಟ್ಟಿನಲ್ಲಿ 72 ಮೆಗಾಬೈಟ್, 16ರಲ್ಲಿ 144. ಇನ್ನೂರು ಗರಿಗಳ ಕಟ್ಟಿನ ಎರಡೂ ಮಗ್ಗುಲಿಗೆ ಇದು 58 ಗಿಗಾಬೈಟಿನ ಹತ್ತಿರವಾಗುತ್ತದೆ. ಸಂಗ್ರಹಾಲಯಗಳು ಜೆಪೆಗ್ ಮಾತ್ರ ಕಳುಹಿಸುವುದಕ್ಕೆ ಇದೂ ಒಂದು ಕಾರಣವಿರಬೇಕು. ಜೆಪೆಗ್‌ನ ತೊಡಕು 8 ಬಿಟ್ ಒಂದೇ ಅಲ್ಲ. ಅದು ಚಿತ್ರವನ್ನು ಎಂಟಕ್ಕೆಂಟು ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಸಂಕೋಚಿಸುವಾಗ ಮೊದಲು ಬಲಿಯಾಗುವುದು ಸೀಳುಗೆರೆಯಂತಹ ಸೂಕ್ಷ್ಮ ರೇಖೆಗಳೇ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು 1 ಬಿಟ್ಟಿನ ಚಿತ್ರ. ಹಳೆಯ ಮೈಕ್ರೋಫಿಲ್ಮುಗಳನ್ನು ಕೇವಲ ಕಪ್ಪು-ಬಿಳುಪಾಗಿ ಸ್ಕ್ಯಾನ್ ಮಾಡಿದ ಪ್ರತಿಗಳು ಕಣ್ಣಿಗೆ ಬಹು ಸ್ವಚ್ಛ. ಅಕ್ಷರಗಳು ಅಚ್ಚೊತ್ತಿದಂತಿರುತ್ತವೆ. ಆದರೆ ಯಾವ ಛಾಯೆ ಗೆರೆ, ಯಾವುದು ಕಲೆ ಎಂಬುದನ್ನು ಅಲ್ಲಿ ಯಂತ್ರವೇ ತೀರ್ಮಾನಿಸಿಬಿಟ್ಟಿದೆ. ಷಕಾರದ ಹೊಟ್ಟೆಯೊಳಗಿನ ಗೆರೆ ಅಳಿದು ಪಕಾರವಾದರೂ, ಹುಳು ಕೊರೆದ ತೂತು ಸೊನ್ನೆಯಾದರೂ ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ. ಸಂಪಾದಕನ ಕೆಲಸವನ್ನು ಸ್ಕ್ಯಾನರಿಗೆ ಬಿಟ್ಟುಕೊಟ್ಟಂತೆ. ಗ್ರಂಥಸಂಪಾದನೆಯಲ್ಲಿ ತಿದ್ದಿದ ಪ್ರತಿಗಿಂತ ತಿದ್ದದ ಪ್ರತಿಗೆ ನಾವು ಹೆಚ್ಚು ಬೆಲೆ ಕೊಡುವವರು. ಚಿತ್ರಗಳ ವಿಷಯದಲ್ಲಿ ಮಾತ್ರ ಸ್ವಚ್ಛವಾದದ್ದಕ್ಕೆ ಮರುಳಾಗುತ್ತೇವೆ.

ಬೆಳಗಿಸಿದ ಚಿತ್ರದಲ್ಲಿ ಹೊಸ ಗೆರೆ ಕಂಡೊಡನೆ ಅದನ್ನು ಅಕ್ಷರದ ಅಂಗವೆಂದು ಒಪ್ಪಬೇಕಾಗಿಲ್ಲ. ನನ್ನ 'ಧನ'ದ ವಿಷಯದಲ್ಲಿ ಎರಡು ಆಧಾರಗಳಿದ್ದವು. ಗರಿಯ ನಾರು ಸಾಲಿನ ಗುಂಟ ಉದ್ದಕ್ಕೆ ಹರಿಯುತ್ತದೆ, ಸೀಳುಗೆರೆಯಾದರೋ ಅದಕ್ಕೆ ಅಡ್ಡವಾಗಿ ಲಂಬವಾಗಿತ್ತು. ಅಲ್ಲದೆ ಆ ಲಿಪಿಕಾರ ಉಳಿದೆಡೆಗಳಲ್ಲಿ ಮಹಾಪ್ರಾಣವನ್ನು ತಪ್ಪದೆ ಗುರುತಿಸುವವನು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವನ್ನೇ ಗಣಿಸದ ಲಿಪಿಕಾರನಾಗಿದ್ದರೆ ಗೆರೆಯ ಅಭಾವದಿಂದ ಯಾವ ನಿರ್ಣಯವೂ ಹುಟ್ಟುತ್ತಿರಲಿಲ್ಲ. ಮೊದಲ ಓದಿನಲ್ಲಿ ನಾನು ಈ ಪ್ರಶ್ನೆಯನ್ನು ಹಾಕಿಕೊಂಡಿದ್ದೆ. ಚಿತ್ರ ಯಾವ ಬಗೆಯದೆಂಬ ಪ್ರಶ್ನೆಯನ್ನು ಹಾಕಿಕೊಂಡಿರಲಿಲ್ಲ.

ಸಂಗ್ರಹಾಲಯಗಳಿಗೆ ಬರೆಯುವಾಗ ಇಡೀ ಕಟ್ಟಿನ ರಾ ಕಡತಗಳನ್ನು ಕೇಳಿದರೆ ದೊರೆಯುವ ಸಂಭವ ಕಡಿಮೆ. ಮೊದಲು ಜೆಪೆಗ್ ಪ್ರತಿಗಳಲ್ಲಿ ಓದಿ, ಸಂದೇಹವುಳಿದ ಗರಿಗಳ ಸಂಖ್ಯೆಯನ್ನೂ ಮಗ್ಗುಲನ್ನೂ ಸಾಲನ್ನೂ ನಮೂದಿಸಿ, ಅವುಗಳ ರಾ ಅಥವಾ 16 ಬಿಟ್ಟಿನ ಟಿಫ್ ಕಡತಗಳನ್ನಷ್ಟೇ ಕೋರಿದಾಗ ನನಗೆ ಬಹುತೇಕ ಅನುಕೂಲವಾದ ಉತ್ತರವೇ ಬಂದಿದೆ. ಅಡಿಟಿಪ್ಪಣಿಯಲ್ಲಿ ಪಾಠಾಂತರ ಕೊಡುವಾಗ ಅದನ್ನು ಮೂಲ ಗರಿಯಿಂದ ಓದಿದೆಯೋ, ಜೆಪೆಗ್‌ನಿಂದಲೋ, 16 ಬಿಟ್ಟಿನ ಕಡತದಿಂದಲೋ ಎಂಬುದನ್ನು ಈಗ ನಾನು ಸಂಕೇತಾಕ್ಷರದ ಜೊತೆಯಲ್ಲಿಯೇ ಸೂಚಿಸುತ್ತಿದ್ದೇನೆ.