ಮ್ಯಾಚ್ ಆದ್ಮೇಲೆ ಐಸ್ ನೀರು: ಯಾವಾಗ ಬೇಕು, ಯಾವಾಗ ಬೇಡ?

ಮ್ಯಾಚ್ ಮುಗೀತು.
ಮಕ್ಕಳನ್ನ ಐಸ್ ಟಬ್‌ಗೆ ಇಳಿಸಬೇಕಾ?

ವೈಟ್‌ಫೀಲ್ಡ್‌ನಲ್ಲಿ ಬ್ಯಾಡ್ಮಿಂಟನ್ ಆಡೋ ಮಗಳು,
ಎಲೆಕ್ಟ್ರಾನಿಕ್ ಸಿಟಿಯಲ್ಲಿ ಫುಟ್‌ಬಾಲ್ ಆಡೋ ಮಗ,
ಮರುದಿನ ಕಾಲು ನೋವು ಅಂತಾರಾ?

ತಣ್ಣೀರಿಗೆ ರಕ್ತನಾಳ ಕುಗ್ಗುತ್ತೆ.
ನೋವು ಕಡಿಮೆ ಅನಿಸುತ್ತೆ.

ಆದ್ರೆ ಸಿಲ್ಕ್ ಬೋರ್ಡ್ ಸಿಗ್ನಲ್ ನೆನಪಿಸ್ಕೊಳ್ಳಿ.
ರೆಡ್ ಬಿದ್ರೆ ಗಾಡಿ ನುಗ್ಗೋದು ನಿಲ್ಲುತ್ತೆ.
ರಸ್ತೆ ರಿಪೇರಿಗೆ ಹೊರಟ ಲಾರಿನೂ ಅಲ್ಲೇ ನಿಲ್ಲುತ್ತೆ!
ತಣ್ಣೀರೂ ಹಾಗೇ: ನೋವಿನ ಜೊತೆ ಸ್ನಾಯು ಬೆಳೆಯೋದಕ್ಕೂ ಅಡ್ಡ ಬರಬಹುದು.

2015ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ನೋಡಿದ್ರು:
ಭಾರ ಎತ್ತಿ ತಣ್ಣೀರಿಗೆ ಇಳಿದ ಯುವಕರಲ್ಲಿ
12 ವಾರಕ್ಕೆ ಸ್ನಾಯು ಬೆಳೆದದ್ದೇ ಕಡಿಮೆ.

ಹಾಗಾಗಿ,
ನಾಳೆನೂ ಮ್ಯಾಚ್ ಇದ್ಯಾ? ತಣ್ಣೀರು ಸರಿ.
15 ಡಿಗ್ರಿ ಆಸುಪಾಸು, 10 ನಿಮಿಷದೊಳಗೆ.
ಜಿಮ್ ಮಾಡಿದ ದಿನ ಬೇಡ.

ಪಕ್ಕದಲ್ಲಿ ಕೋಚ್ ಅಥವಾ ನೀವು ಇರಲೇಬೇಕು.
ನಡುಕ ಜಾಸ್ತಿ ಆದ್ರೆ ತಕ್ಷಣ ಮೇಲೆತ್ತಿ.

ಮತ್ತೆ, ಪ್ರತಿದಿನ ಬೇಕಾದ್ದು
ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ.