ಲಾಟರಿಯ ಹಣವೂ ಲೋಕಹಿತವೂ

ಕಲೆಗೂ ಧರ್ಮಕಾರ್ಯಗಳಿಗೂ ಹಣ ಸಾಲದೆಂಬ ಕೂಗು ನಮ್ಮ ನಾಡಿಗೆ ಹೊಸತಲ್ಲ. 2007ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ನಿಂತುಹೋದ ಲಾಟರಿಯನ್ನು ಮರಳಿ ಆರಂಭಿಸಿ, ಅದರ ಉತ್ಪನ್ನವನ್ನು ನಾಟಕ, ಸಂಗೀತ, ಅನಾಥಾಲಯಗಳಿಗೆ ಹಂಚಿದರೆ ಈ ಕೊರತೆಯು ನೀಗದೇ ಎಂದು ಕೇಳುವವರು ಇದ್ದಾರೆ. ಉದ್ದೇಶವು ಉದಾತ್ತವಾಗಿದ್ದಷ್ಟೂ ಮಾರ್ಗವನ್ನು ಹೆಚ್ಚು ಎಚ್ಚರದಿಂದ ಪರೀಕ್ಷಿಸುವುದು ಅವಶ್ಯವೆಂದು ನಾವು ತಿಳಿಯುತ್ತೇವೆ.

ಜೂಜಿನಲ್ಲಿ ಅರಸನು ಪಾಲು ಪಡೆಯುವುದು ಪುರಾತನ ಪದ್ಧತಿಯೇ ಸರಿ. ಕೌಟಿಲ್ಯನು ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ಹೇಳಿ, ಗೆದ್ದ ದ್ರವ್ಯದಲ್ಲಿ ನೂರಕ್ಕೆ 5ರಷ್ಟನ್ನು ತೆಗೆದುಕೊಳ್ಳುವ ಅಧಿಕಾರವನ್ನು ಅವನಿಗೆ ವಿಧಿಸಿದ್ದಾನೆ. ಆದರೆ ಜೂಜು ಒಂದೇ ಸ್ಥಳದಲ್ಲಿ ನಡೆಯಬೇಕೆಂದು ಆತನು ಹೇಳಿದುದು ಗೂಢವಾಗಿ ಜೀವಿಸುವವರನ್ನು ಪತ್ತೆಹಚ್ಚುವುದಕ್ಕಾಗಿ. ಅದಕ್ಕೆ ಪುಣ್ಯಕಾರ್ಯದ ಮುಸುಕನ್ನು ಆತನು ಹೊದಿಸಲಿಲ್ಲ.

ಆ ಮುಸುಕನ್ನು ಅತ್ಯಂತ ವ್ಯವಸ್ಥಿತವಾಗಿ ನೇಯ್ದವರು ಇಂಗ್ಲಿಷರು. 1993ರ ಕಾಯ್ದೆಯ ಮೇರೆಗೆ 1994ರ ನವಂಬರದಲ್ಲಿ ಅಲ್ಲಿ ರಾಷ್ಟ್ರೀಯ ಲಾಟರಿಯು ಆರಂಭವಾಯಿತು. ಮೊದಮೊದಲು ಟಿಕೀಟಿನ ಪ್ರತಿ ಪೌಂಡಿನಲ್ಲಿ ಸುಮಾರು 28 ಪೆನ್ಸು ಕಲೆ, ಕ್ರೀಡೆ, ಪ್ರಾಚೀನ ಸಂಪತ್ತು, ಧರ್ಮಸಂಸ್ಥೆಗಳು, ಸಹಸ್ರಮಾನೋತ್ಸವ ಎಂಬ ಐದು ಕಾರ್ಯಗಳಿಗೆ ಸಮನಾಗಿ ಹೋಗುತ್ತಿತ್ತು. ಈ ಹಣವು ಸರಕಾರವು ಕೊಡಬೇಕಾದುದಕ್ಕೆ ಹೆಚ್ಚಿಗೆಯಾಗಿರಬೇಕು, ಬದಲಿಯಾಗಿರಬಾರದು ಎಂಬುದು ಅಲ್ಲಿಯ ತತ್ತ್ವ. ಆದರೂ ಲಂಡನ್ನಿನ ರಾಯಲ್ ಆಪೆರಾ ಹೌಸಿಗೆ ಕೋಟ್ಯಂತರ ಪೌಂಡುಗಳು ಮಂಜೂರಾದಾಗ, ಬಡವನ ಟಿಕೀಟಿನಿಂದ ಧನಿಕರ ಮನರಂಜನೆಯೇ ಎಂದು ಜನರು ಕೇಳದೆ ಬಿಡಲಿಲ್ಲ. 1998ರಲ್ಲಿ ಆರೋಗ್ಯ ಶಿಕ್ಷಣಗಳನ್ನೂ ಈ ಹಣದ ಫಲಾನುಭವಿಗಳಲ್ಲಿ ಸೇರಿಸಿದಾಗ, ಬೊಕ್ಕಸದ ಭಾರವನ್ನು ಲಾಟರಿಯ ಹೆಗಲಿಗೆ ಹೊರಿಸಿದರೆಂಬ ಟೀಕೆಯೂ ಬಂದಿತು. ತತ್ತ್ವವನ್ನು ಬರೆದಿಟ್ಟಲ್ಲಿಯೇ ಈ ಗತಿಯಾದರೆ, ಬರೆದಿಡದ ನಮ್ಮಲ್ಲಿ ಏನಾದೀತು?

ನಮ್ಮ ದೇಶದ 1998ರ ಲಾಟರಿ ನಿಯಂತ್ರಣ ಕಾಯ್ದೆಯು ಟಿಕೀಟಿನ ಮಾರಾಟದ ಹಣವು ರಾಜ್ಯದ ಸಾರ್ವಜನಿಕ ಲೆಕ್ಕಕ್ಕೆ ಜಮೆಯಾಗಬೇಕೆಂದು ಹೇಳುತ್ತದೆ. ಆ ಮೇಲೆ ಅದು ಕಲೆಗೆ ಹೋಗಬೇಕೋ ಅನಾಥರಿಗೆ ಹೋಗಬೇಕೋ ಎಂಬುದನ್ನು ಹೇಳುವುದಿಲ್ಲ. ಒಂದು ಲಾಟರಿಗೆ ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಸಲ್ಲದೆಂಬುದೂ ಅದೇ ಕಾಯ್ದೆಯ ಮಾತು. ಆದರೆ 1956ರಿಂದ ಕೇರಳಕ್ಕೆ ಸೇರಿಹೋದ ಕಾಸರಗೋಡಿನ ನಮ್ಮ ಕನ್ನಡ ಬಂಧುಗಳನ್ನು ಕೇಳಿದರೆ ಗೊತ್ತಾಗುವುದು: ವಾರದ ದಿನಕ್ಕೊಂದು ಹೆಸರಿನ ಲಾಟರಿ, ಆದಕಾರಣ ದಿನಕ್ಕೊಂದು ಡ್ರಾ. ಆ ರಾಜ್ಯವು 1967ರಲ್ಲಿಯೇ ಈ ಉದ್ಯೋಗಕ್ಕೆ ಕೈಹಾಕಿ, 2011–12ರಲ್ಲಿ ಕಾರುಣ್ಯವೆಂಬ ಲಾಟರಿಯಿಂದ ಬಡ ರೋಗಿಗಳ ಚಿಕಿತ್ಸೆಗಾಗಿ ನಿಧಿಯನ್ನು ಕೂಡಿಸಿತು. ಕ್ಯಾನ್ಸರ್ ಪೀಡಿತನಿಗೆ ಆದ ಸಹಾಯವನ್ನು ಅಲ್ಲಗಳೆಯುವಷ್ಟು ಕಠೋರರು ನಾವಲ್ಲ. ಆದರೆ ದಿನಗೂಲಿಯಲ್ಲಿ ಟಿಕೀಟು ಕೊಂಡವನೂ ಬಡವ, ಆಸ್ಪತ್ರೆಯಲ್ಲಿ ಮಲಗಿದವನೂ ಬಡವ. ಒಬ್ಬ ಬಡವನ ಜೇಬಿನಿಂದ ತೆಗೆದು ಇನ್ನೊಬ್ಬ ಬಡವನಿಗೆ ಕೊಡುವುದು ದಾನವಾದೀತೇ? ಉಳ್ಳವರಿಂದ ಕರವನ್ನು ತೆಗೆದು ಇಲ್ಲದವರಿಗೆ ಕೊಡುವುದು ಸರಕಾರದ ಧರ್ಮ. ಲಾಟರಿಯು ಆ ಧರ್ಮದಿಂದ ಜಾರಿಕೊಳ್ಳುವ ಉಪಾಯ.

ನಿಷೇಧವಿದ್ದರೂ ಜೂಜು ನಿಂತಿಲ್ಲವಲ್ಲ ಎಂಬ ಆಕ್ಷೇಪವುಂಟು. ಕಾಯ್ದೆಯು ಸ್ಪಷ್ಟವಾಗಿ ನಿಷೇಧಿಸಿದ ಒಂದಂಕಿ ಲಾಟರಿಯ ಹಗರಣವು 2015ರಲ್ಲಿ ನಮ್ಮ ರಾಜ್ಯದಲ್ಲಿಯೇ ಬಯಲಿಗೆ ಬಂದು, ತನಿಖೆಯು ಕೇಂದ್ರದ ಸಿ.ಬಿ.ಐ.ಗೆ ಹೋಗಬೇಕಾಯಿತು. ಇದು ಸತ್ಯ. ಆದರೆ ಕಳವು ನಿಲ್ಲಲಿಲ್ಲವೆಂದು ಸರಕಾರವೇ ಕನ್ನಗತ್ತರಿಯನ್ನು ಹಿಡಿಯಬೇಕೆಂದು ಯಾರೂ ಹೇಳಲಾರರು. ಅಬಕಾರಿಯ ಆದಾಯದಿಂದ ಬೊಕ್ಕಸವನ್ನು ತುಂಬಿಕೊಳ್ಳುವ ಸರಕಾರಕ್ಕೆ ಲಾಟರಿಯೊಂದರಲ್ಲಿಯೇ ಮಡಿವಂತಿಕೆ ಏಕೆ ಎಂದು ಕೇಳಿದರೆ, ಒಂದು ದೋಷವು ಇನ್ನೊಂದಕ್ಕೆ ರಹದಾರಿಯಾಗಲಾರದೆಂಬುದೇ ನಮ್ಮ ಉತ್ತರ.

ಕಲೆಯನ್ನು ಪೋಷಿಸುವ ಬಗೆಯನ್ನು ಈ ಭಾಗದ ಜನರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದುದು ಜೂಜಿನ ಹಣದಿಂದಲ್ಲ. ಕುಂದಗೋಳದ ನಾಡಿಗೇರ ವಾಡೆಯು ಸಂಗೀತಗಾರರಿಗೆ ಆಶ್ರಯ ಕೊಟ್ಟುದರ ಫಲವನ್ನು ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರವರೆಗೆ ನಾವು ಉಂಡಿದ್ದೇವೆ. ಗದಗಿನ ವೀರೇಶ್ವರ ಪುಣ್ಯಾಶ್ರಮವು ಅಂಧ ಬಾಲಕರಿಗೆ ಅನ್ನವನ್ನೂ ಸಂಗೀತವಿದ್ಯೆಯನ್ನೂ ಒಟ್ಟಿಗೆ ನೀಡಿದುದು ಭಕ್ತರ ಕಾಣಿಕೆಯಿಂದ. ಪುಟ್ಟರಾಜ ಗವಾಯಿಗಳ ತುಲಾಭಾರಗಳು ಊರೂರಿನಲ್ಲಿ ನಡೆದುವು. ಅಲ್ಲಿ ಕೊಟ್ಟವನಿಗೆ ತಾನು ಕೊಟ್ಟೆನೆಂಬ ಅರಿವಿತ್ತು. ಲಾಟರಿಯ ಟಿಕೀಟು ಕೊಳ್ಳುವವನು ಕೊಡುವುದಕ್ಕಾಗಿ ಕೊಳ್ಳುವುದಿಲ್ಲ. ಪಡೆಯುವ ಆಸೆಯಿಂದ ಕೊಳ್ಳುತ್ತಾನೆ, ಸೋತು ಮನೆಗೆ ಹೋಗುತ್ತಾನೆ.

ಹಾಗೆಂದು ಊರವರ ವರ್ಗಣಿಯೊಂದರಿಂದಲೇ ಎಲ್ಲವೂ ಸಾಗಲೆಂದು ನಾವು ಹೇಳುವುದಿಲ್ಲ. ವಾಡೆಗಳ ಕಾಲವು ಹೋಯಿತು; ಅವುಗಳ ಸ್ಥಾನದಲ್ಲಿ ಸರಕಾರವು ನಿಲ್ಲಬೇಕು. ಕಲೆಗೂ ಅನಾಥರಿಗೂ ಮುಂಗಡಪತ್ರದಲ್ಲಿ ನಿಶ್ಚಿತವಾದ ಪಾಲು ಬೇಕು. ಅದನ್ನು ಹಂಚುವವರು ಮಂತ್ರಿಗಳ ಸುತ್ತಲಿನವರಾಗಿರದೆ ವಿಷಯವನ್ನು ಬಲ್ಲ ಸ್ವತಂತ್ರ ಮಂಡಲದವರಾಗಿರಬೇಕು. ಯಾರಿಗೆ ಎಷ್ಟು ಸಂದಿತೆಂಬ ಲೆಕ್ಕವು ವರ್ಷವರ್ಷವೂ ಜಿಲ್ಲಾವಾರು ಪ್ರಕಟವಾಗಬೇಕು. ಇಷ್ಟನ್ನು ಮಾಡಲು ಮನಸ್ಸಿಲ್ಲದ ಸರಕಾರದ ಕೈಯಲ್ಲಿ ಲಾಟರಿಯ ಹಣವೂ ಕಲಾವಿದನನ್ನು ಮುಟ್ಟಲಾರದು. ಮನಸ್ಸುಳ್ಳ ಸರಕಾರಕ್ಕೆ ಲಾಟರಿಯ ಅವಶ್ಯಕತೆಯೇ ಇಲ್ಲ.